ಡೆನಿಸ್ ಬರ್ಕಿಟ್: ಗ್ರಂಥಿಜ್ವರದ ಮೂಲಕ್ಕೆ ದಾರಿ ತೆರೆದ ಶಸ್ತ್ರವೈದ್ಯ

ಅಥಣಿ, ಚಿಕ್ಕೋಡಿ, ರಾಯಬಾಗ ಭಾಗದ ಊರುಗಳಲ್ಲಿ ಹದಿನೆಂಟು-ಇಪ್ಪತ್ತರ ತರುಣನೊಬ್ಬನಿಗೆ ವಾರ ಕಳೆದರೂ ಇಳಿಯದ ಜ್ವರ, ಉಗುಳು ನುಂಗಲೂ ಆಗದಷ್ಟು ಗಂಟಲು ನೋವು, ಕತ್ತಿನ ಎರಡೂ ಬದಿಯಲ್ಲಿ ಗಂಟುಗಳು ಕಾಣಿಸಿಕೊಂಡರೆ ಮನೆಯವರ ಮನಸ್ಸಿಗೆ ಮೊದಲು ಬರುವುದು ವಿಷಮಶೀತ ಜ್ವರ. ಜ್ವರ ಬಿಟ್ಟ ಮೇಲೂ ಗಂಟು ಉಳಿದರೆ ಕ್ಷಯದ ಗಂಡಮಾಲೆಯ ಭಯ. ಅಲ್ಲಿಂದ ಮುಂದೆ ಮಿರಜ್‌ಗೋ ಬೆಳಗಾವಿಗೋ ಪ್ರಯಾಣ. ಈ ಎರಡೂ ಅಲ್ಲದ ಮೂರನೆಯದೊಂದು ಸಾಧ್ಯತೆಯಿದೆ. ಅದರ ವೈದ್ಯಕೀಯ ಹೆಸರು ಇನ್ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್. ಹಳೆಯ ಹೆಸರು ಗ್ರಂಥಿಜ್ವರ.

ಈ ಜ್ವರಕ್ಕೆ ಕಾರಣವಾದ ವೈರಾಣು ಮೊದಲು ಸಿಕ್ಕಿದ್ದು ಜ್ವರದಿಂದ ನರಳುತ್ತಿದ್ದವರ ಗಂಟಲಿನಲ್ಲಲ್ಲ, ಪೂರ್ವ ಆಫ್ರಿಕದ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಒಂದು ಗಡ್ಡೆಯಲ್ಲಿ. ಆ ಗಡ್ಡೆಯನ್ನು ಗುರುತಿಸಿ, ಅದರ ನಕ್ಷೆ ಬರೆದು, ಲೋಕದ ಮುಂದಿಟ್ಟವರು ಐರ್ಲೆಂಡ್ ಮೂಲದ ಶಸ್ತ್ರವೈದ್ಯ ಡೆನಿಸ್ ಪಾರ್ಸನ್ಸ್ ಬರ್ಕಿಟ್. ಗ್ರಂಥಿಜ್ವರದ ಮೂಲವನ್ನು ಅವರು ಹುಡುಕಿದವರಲ್ಲ. ಅದಕ್ಕೆ ಚಿಕಿತ್ಸೆ ನೀಡಿ ಹೆಸರಾದವರೂ ಅಲ್ಲ. ಆದರೂ ಅವರ ಹೆಜ್ಜೆ ಇಲ್ಲದಿದ್ದರೆ ಆ ಮೂಲ ಇನ್ನೆಷ್ಟು ಕಾಲ ಮರೆಯಲ್ಲಿರುತ್ತಿತ್ತೋ ಹೇಳಲಾಗದು.

ಬರ್ಕಿಟ್ ಜನಿಸಿದ್ದು 1911ರ ಫೆಬ್ರುವರಿ 28ರಂದು, ಇಂದಿನ ಉತ್ತರ ಐರ್ಲೆಂಡಿಗೆ ಸೇರಿದ ಎನ್ನಿಸ್ಕಿಲ್ಲನ್ ಪಟ್ಟಣದ ಬಳಿ. ತಂದೆ ಜೇಮ್ಸ್ ಪಾರ್ಸನ್ಸ್ ಬರ್ಕಿಟ್ ಫರ್ಮಾನಾ ಜಿಲ್ಲೆಯ ರಸ್ತೆ-ಸೇತುವೆಗಳನ್ನು ನೋಡಿಕೊಳ್ಳುವ ಸರ್ವೇಯರ್. ಬಿಡುವಿನಲ್ಲಿ ಅವರಿಗೆ ಹಕ್ಕಿಗಳ ಹುಚ್ಚು. ತಮ್ಮ ಮನೆಯಂಗಳದ ರಾಬಿನ್ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಯಾವ ಹಕ್ಕಿಯ ಸರಹದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ಅವರು ನಕ್ಷೆ ಹಾಕುತ್ತಿದ್ದರು. ಪಕ್ಷಿಶಾಸ್ತ್ರದಲ್ಲಿ ಆ ಕೆಲಸಕ್ಕೆ ಇಂದಿಗೂ ಮನ್ನಣೆಯಿದೆ. ಮಗ ಮುಂದೆ ರೋಗದ ಸರಹದ್ದುಗಳ ನಕ್ಷೆ ಹಾಕಿದ್ದನ್ನು ನೆನೆದರೆ ಈ ಹವ್ಯಾಸದ ಪ್ರಭಾವವನ್ನು ಅಲ್ಲಗಳೆಯುವುದು ಕಷ್ಟ.

ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗರ ಎರಡು ಗುಂಪುಗಳ ನಡುವೆ ನಡೆದ ಕಲ್ಲು ತೂರಾಟದಲ್ಲಿ ಒಂದು ಕಲ್ಲು ಬಡಿದು ಡೆನಿಸ್ ಅವರ ಕನ್ನಡಕ ಒಡೆಯಿತು. ಬಲಗಣ್ಣು ಹೋಯಿತು. ಉಳಿದ ಒಂದೇ ಕಣ್ಣಿನಿಂದ ಅವರು ಓದಿದರು, ಶಸ್ತ್ರಚಿಕಿತ್ಸೆ ಕಲಿತರು, ಜೀವಮಾನವಿಡೀ ಛಾಯಾಚಿತ್ರ ತೆಗೆದರು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಅವರು ಮೊದಲು ಸೇರಿದ್ದು ಎಂಜಿನಿಯರಿಂಗ್‌ಗೆ. ಅಲ್ಲಿದ್ದಾಗಲೇ ಅವರ ಧರ್ಮಶ್ರದ್ಧೆ ಗಾಢವಾಯಿತು. ಸೇವೆಯೆಂದರೆ ವೈದ್ಯಕೀಯವೇ ಎಂದು ನಿಶ್ಚಯಿಸಿ ವಿಷಯ ಬದಲಿಸಿದರು. 1935ರಲ್ಲಿ ವೈದ್ಯರಾಗಿ, 1938ರಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯರ ಸಂಸ್ಥೆಯ ಫೆಲೋ ಆಗಿ ಹೊರಬಂದರು. ಆಫ್ರಿಕದಲ್ಲಿ ಕೆಲಸ ಮಾಡುವ ಆಸೆಯಿಂದ ವಸಾಹತು ವೈದ್ಯಕೀಯ ಸೇವೆಗೆ ಅರ್ಜಿ ಹಾಕಿದಾಗ ಒಕ್ಕಣ್ಣಿನ ಕಾರಣಕ್ಕೆ ಅದು ತಿರಸ್ಕೃತವಾಯಿತು. ಆದರೆ ಯುದ್ಧಕಾಲದ ಸೈನ್ಯಕ್ಕೆ ಒಕ್ಕಣ್ಣು ಅಡ್ಡಿಯಾಗಲಿಲ್ಲ. ಸೈನ್ಯದ ವೈದ್ಯರಾಗಿ ಅವರು ಪೂರ್ವ ಆಫ್ರಿಕವನ್ನು ಕಂಡರು. 1943ರಲ್ಲಿ ಆಲಿವ್ ರೋಜರ್ಸ್ ಅವರನ್ನು ವಿವಾಹವಾದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ವಸಾಹತು ಸೇವೆ ಅವರನ್ನು ಉಗಾಂಡಕ್ಕೆ ಕಳುಹಿಸಿತು.

ಮೊದಲ ನೇಮಕ ಉಗಾಂಡದ ಉತ್ತರ ಭಾಗದ ಲಿರಾ ಎಂಬ ಊರಿಗೆ. ದೊಡ್ಡದೊಂದು ಜಿಲ್ಲೆಗೆಲ್ಲ ಆಸರೆಯಾಗಿದ್ದ ಸಣ್ಣ ಆಸ್ಪತ್ರೆಯದು. ಅಲ್ಲಿ ಅವರು ಗಮನಿಸಿದ ಸಂಗತಿ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಗಂಡಸರ ವೃಷಣದಲ್ಲಿ ನೀರು ತುಂಬುವ ತೊಂದರೆ ಜಿಲ್ಲೆಯ ಪೂರ್ವ ಭಾಗದಲ್ಲಿ ಸಾಮಾನ್ಯ, ಪಶ್ಚಿಮದಲ್ಲಿ ಅಪರೂಪ. ಜನ ಅವರೇ, ಊಟ ಅದೇ, ಭೇದ ಮಾತ್ರ ಊರಿನದು. ಬರ್ಕಿಟ್ ಅದನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಆನೆಕಾಲು ರೋಗವನ್ನು ಉಂಟುಮಾಡುವ ಹುಳುವಿನ ಹಂಚಿಕೆಯೇ ಅದರ ಹಿಂದಿತ್ತು. ರೋಗಿಗೆ ಏನಾಗಿದೆ ಎಂದು ಕೇಳುವ ವೈದ್ಯರು ಬೇಕಾದಷ್ಟಿದ್ದರು. ರೋಗಿ ಎಲ್ಲಿಂದ ಬಂದ ಎಂದು ಕೇಳುವ ಅಭ್ಯಾಸ ಬರ್ಕಿಟ್ ಅವರಿಗೆ ಅಂಟಿಕೊಂಡದ್ದು ಇಲ್ಲಿ.

ಕೆಲ ಕಾಲದಲ್ಲಿಯೇ ರಾಜಧಾನಿ ಕಂಪಾಲಾದ ಮುಲಾಗೋ ಆಸ್ಪತ್ರೆಗೆ ವರ್ಗವಾಯಿತು. 1957ರಲ್ಲಿ ಅಲ್ಲಿನ ಹಿರಿಯ ವೈದ್ಯ ಹ್ಯೂ ಟ್ರೋವೆಲ್ ಅವರು ಐದು ವರ್ಷದ ಹುಡುಗನೊಬ್ಬನನ್ನು ನೋಡಲು ಬರ್ಕಿಟ್ ಅವರನ್ನು ಕರೆದರು. ಮಗುವಿನ ಮೇಲಿನ ಮತ್ತು ಕೆಳಗಿನ ದವಡೆಗಳು, ಎಡ-ಬಲ ಎರಡೂ ಕಡೆ, ಊದಿಕೊಂಡಿದ್ದವು. ಸೋಂಕಾಗಿದ್ದರೆ, ಸಾಮಾನ್ಯ ಗಡ್ಡೆಯಾಗಿದ್ದರೆ ಒಂದು ಬದಿಗೆ ಇರಬೇಕಿತ್ತು. ಬರ್ಕಿಟ್ ಅವರಿಗೆ ಏನೂ ತಿಳಿಯಲಿಲ್ಲ. ಕೆಲವೇ ವಾರಗಳ ನಂತರ ಜಿಂಜಾ ಎಂಬ ಊರಿನ ಆಸ್ಪತ್ರೆಗೆ ಹೋಗಿದ್ದಾಗ ಅಲ್ಲಿ ಇನ್ನೊಂದು ಮಗು, ಅದೇ ಬಗೆಯ ಮುಖ, ಜೊತೆಗೆ ಹೊಟ್ಟೆಯಲ್ಲಿಯೂ ಗಡ್ಡೆ. ಒಂದು ಕಂಡರೆ ವಿಚಿತ್ರ, ಎರಡು ಕಂಡರೆ ರೋಗ. ಹಳೆಯ ಆಸ್ಪತ್ರೆ ದಾಖಲೆಗಳನ್ನು ತೆಗೆದು ನೋಡಿದಾಗ ದವಡೆಯ ಗಡ್ಡೆ, ಮೂತ್ರಪಿಂಡದ ಗಡ್ಡೆ, ಅಂಡಾಶಯದ ಗಡ್ಡೆ ಎಂದು ಬೇರೆ ಬೇರೆ ಹೆಸರಿನಲ್ಲಿ ಬರೆದಿಟ್ಟಿದ್ದ ಅನೇಕ ಪ್ರಕರಣಗಳು ಒಂದೇ ಕಾಯಿಲೆಯ ಹಲವು ಮುಖಗಳಾಗಿದ್ದವು. 1958ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಲ್ಲಿ ಈ ವಿವರ ಪ್ರಕಟವಾಯಿತು. ಹೆಚ್ಚು ಜನ ಅದನ್ನು ಓದಲಿಲ್ಲ.

ಮುಂದಿನದು ನಕ್ಷೆಯ ಕೆಲಸ. ಕೈಯಲ್ಲಿದ್ದ ಹಣ ಅತ್ಯಲ್ಪ. ಮಕ್ಕಳ ಚಿತ್ರಗಳಿದ್ದ ಕರಪತ್ರಗಳನ್ನು ಮುದ್ರಿಸಿ ಆಫ್ರಿಕದ ಉದ್ದಗಲದ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಇಂಥ ಮಗುವನ್ನು ಕಂಡಿದ್ದೀರಾ ಎಂಬುದಷ್ಟೇ ಪ್ರಶ್ನೆ. ಉತ್ತರ ಬಂದಲ್ಲೆಲ್ಲ ನಕ್ಷೆಯ ಮೇಲೆ ಗುಂಡುಸೂಜಿ. ನಿಧಾನವಾಗಿ ಭೂಖಂಡದ ನಡುವಿಗೆ ಅಡ್ಡಲಾಗಿ ಒಂದು ಪಟ್ಟಿ ಮೂಡಿತು. ಆ ಪಟ್ಟಿಯ ದಕ್ಷಿಣ ಅಂಚನ್ನು ಕಣ್ಣಾರೆ ಕಾಣಬೇಕೆಂದು 1961ರ ಅಕ್ಟೋಬರ್‌ನಲ್ಲಿ ಟೆಡ್ ವಿಲಿಯಮ್ಸ್ ಮತ್ತು ಕ್ಲಿಫ್ ನೆಲ್ಸನ್ ಎಂಬ ಇಬ್ಬರು ವೈದ್ಯ ಮಿತ್ರರೊಡನೆ ಹಳೆಯ ಫೋರ್ಡ್ ವಾಹನವೊಂದರಲ್ಲಿ ಹೊರಟರು. ಹತ್ತು ವಾರ, ಹತ್ತು ಸಾವಿರ ಮೈಲಿ, ಐವತ್ತಕ್ಕೂ ಹೆಚ್ಚು ಆಸ್ಪತ್ರೆಗಳು. ಎತ್ತರದ ತಂಪು ಸೀಮೆಯಲ್ಲಿ ಗಡ್ಡೆ ಇಲ್ಲ. ಮಳೆ ಕಡಿಮೆಯಾದಲ್ಲಿಯೂ ಇಲ್ಲ. ಬಿಸಿಲು ಮತ್ತು ಮಳೆ ಎರಡೂ ಇರುವ ತಗ್ಗು ನೆಲದಲ್ಲಿ ಮಾತ್ರ ಇದೆ. ಸೊಳ್ಳೆಯ ಸಾಮ್ರಾಜ್ಯವೂ ಅದೇ. ಹಾಗಾದರೆ ಸೊಳ್ಳೆ ಹೊತ್ತೊಯ್ಯುವ ವೈರಾಣುವೊಂದು ಈ ಅರ್ಬುದಕ್ಕೆ ಕಾರಣವಿರಬಹುದೆ? ಮನುಷ್ಯರ ಅರ್ಬುದಕ್ಕೆ ವೈರಾಣು ಕಾರಣ ಎಂಬ ಮಾತನ್ನೇ ಆಗ ಬಹುತೇಕ ವಿಜ್ಞಾನಿಗಳು ಒಪ್ಪುತ್ತಿರಲಿಲ್ಲ.

ಆ ಪ್ರಯಾಣಕ್ಕೆ ಏಳು ತಿಂಗಳು ಮೊದಲೇ ಮುಖ್ಯ ತಿರುವೊಂದು ಬಂದಿತ್ತು. 1961ರ ಮಾರ್ಚ್ 22ರಂದು ರಜೆಯಲ್ಲಿ ಲಂಡನ್ನಿಗೆ ಬಂದಿದ್ದ ಬರ್ಕಿಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಉಪನ್ಯಾಸ ನೀಡಿದರು. ಸಭೆಯಲ್ಲಿ ಆಂಥನಿ ಎಪ್‌ಸ್ಟೀನ್ ಎಂಬ ತರುಣ ಸಂಶೋಧಕರಿದ್ದರು. ಕೋಳಿಗಳಲ್ಲಿ ಗಡ್ಡೆ ಉಂಟುಮಾಡುವ ವೈರಾಣುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಪಳಗಿದ್ದವರು ಅವರು. ಉಪನ್ಯಾಸ ಮುಗಿಯುವ ಮೊದಲೇ ತಮ್ಮ ಮುಂದಿನ ಕೆಲಸ ಯಾವುದೆಂದು ಎಪ್‌ಸ್ಟೀನ್ ನಿರ್ಧರಿಸಿದ್ದರು. ಕಂಪಾಲಾದಲ್ಲಿ ಬರ್ಕಿಟ್ ತೆಗೆದ ಗಡ್ಡೆಯ ತುಣುಕುಗಳು ಅಂದಿನಿಂದ ರಾತ್ರಿ ವಿಮಾನದಲ್ಲಿ ಲಂಡನ್ನಿಗೆ ಹಾರತೊಡಗಿದವು.

ಎರಡು ವರ್ಷಕ್ಕೂ ಮಿಕ್ಕಿ ಏನೂ ಸಿಗಲಿಲ್ಲ. 1963ರ ಡಿಸೆಂಬರ್ 5ರಂದು ಲಂಡನ್ನಿನಲ್ಲಿ ದಟ್ಟ ಮಂಜು. ವಿಮಾನ ಮ್ಯಾಂಚೆಸ್ಟರ್‌ನಲ್ಲಿ ಇಳಿಯಿತು. ತಡವಾಗಿ ಕೈಸೇರಿದ ಸೀಸೆಯ ದ್ರವ ಕದಡಿತ್ತು. ಬ್ಯಾಕ್ಟೀರಿಯ ಸೇರಿ ಕೆಟ್ಟಿದೆ ಎಂದು ಎಸೆಯುವುದೇ ರೂಢಿ. ಎಸೆಯುವ ಮುನ್ನ ಒಂದು ಹನಿಯನ್ನು ಎಪ್‌ಸ್ಟೀನ್ ಸೂಕ್ಷ್ಮದರ್ಶಕದಡಿ ಇಟ್ಟರು. ತೇಲುತ್ತಿದ್ದುದು ಬ್ಯಾಕ್ಟೀರಿಯವಲ್ಲ, ತುಣುಕಿನಿಂದ ಕಳಚಿಕೊಂಡ ಗಡ್ಡೆಯ ಜೀವಂತ ಕೋಶಗಳು. ಅವುಗಳನ್ನು ದ್ರವದಲ್ಲಿ ತೇಲಿಸಿಯೇ ಬೆಳೆಸಬಹುದು ಎಂಬುದು ಆಗ ಹೊಳೆಯಿತು. ಸಹೋದ್ಯೋಗಿ ಇವಾನ್ ಬಾರ್ ಕೋಶಗಳನ್ನು ಬೆಳೆಸಿದರು. ಟ್ರಿನಿಡಾಡ್ ಮೂಲದ ಬರ್ಟ್ ಅಚಾಂಗ್ ಸೂಕ್ಷ್ಮದರ್ಶನದಲ್ಲಿ ಜೊತೆಯಾದರು. 1964ರ ಫೆಬ್ರುವರಿಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರದೆಯ ಮೇಲೆ ಹರ್ಪಿಸ್ ಕುಲಕ್ಕೆ ಸೇರಿದ ಹೊಸ ವೈರಾಣು ಕಂಡಿತು. ಮೂವರ ಹೆಸರಿನಲ್ಲಿ ಮಾರ್ಚ್ 28ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು. ಎಪ್‌ಸ್ಟೀನ್-ಬಾರ್ ಎಂಬ ಹೆಸರು ನಿಂತಿತು. ಅಚಾಂಗ್ ಅವರ ಹೆಸರು ಬಿಟ್ಟುಹೋಯಿತು. ವಿಜ್ಞಾನದ ನಾಮಕರಣಗಳಲ್ಲಿ ಇಂಥ ಅನ್ಯಾಯ ಹೊಸದಲ್ಲ.

ಇಷ್ಟಾದರೂ ಇದು ಆಫ್ರಿಕದ ಮಕ್ಕಳ ಗಡ್ಡೆಯ ವೈರಾಣು ಎಂದೇ ಎಲ್ಲರ ನಂಬಿಕೆ. ಗ್ರಂಥಿಜ್ವರಕ್ಕೂ ಇದಕ್ಕೂ ನಂಟಿದೆಯೆಂದು ಯಾರೂ ಊಹಿಸಿರಲಿಲ್ಲ. ಗ್ರಂಥಿಜ್ವರ ಆಗಲೇ ಹಳೆಯ ಕಾಯಿಲೆ. 1885ರಲ್ಲಿ ರಷ್ಯದ ನೀಲ್ ಫಿಲಾಟೊವ್, 1889ರಲ್ಲಿ ಜರ್ಮನಿಯ ಎಮಿಲ್ ಫೈಫರ್ ಅದನ್ನು ವರ್ಣಿಸಿದ್ದರು. 1920ರಲ್ಲಿ ಅಮೆರಿಕದ ಸ್ಪ್ರಂಟ್ ಮತ್ತು ಇವಾನ್ಸ್ ರೋಗಿಗಳ ರಕ್ತದಲ್ಲಿ ವಿಕಾರ ರೂಪದ ಬಿಳಿ ರಕ್ತಕಣಗಳನ್ನು ಕಂಡು ಇಂದಿನ ಹೆಸರು ಕೊಟ್ಟರು. 1932ರಲ್ಲಿ ಪಾಲ್ ಮತ್ತು ಬನ್ನೆಲ್ ಇನ್ನೂ ಸೋಜಿಗದ ಸಂಗತಿಯನ್ನು ಗುರುತಿಸಿದರು: ಈ ರೋಗಿಗಳ ರಕ್ತಸಾರ ಕುರಿಯ ಕೆಂಪು ರಕ್ತಕಣಗಳನ್ನು ಗಂಟು ಕಟ್ಟಿಸುತ್ತದೆ. ರೋಗ ಪತ್ತೆಗೆ ಪರೀಕ್ಷೆ ಸಿಕ್ಕಿತು, ರೋಗಕಾರಕ ಮಾತ್ರ ಸಿಗಲಿಲ್ಲ. ಕಾಲೇಜು ವಿದ್ಯಾರ್ಥಿಗಳಲ್ಲಿಯೇ ಹೆಚ್ಚು ಕಾಣುತ್ತಿದ್ದುದರಿಂದ ಪಾಶ್ಚಾತ್ಯರು ಅದನ್ನು ಚುಂಬನ ರೋಗ ಎಂದು ತಮಾಷೆ ಮಾಡಿ ಸುಮ್ಮನಾಗಿದ್ದರು.

ಗಂಟು ಬಿಚ್ಚಿದ್ದು ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಯಲ್ಲಿ. ಎಪ್‌ಸ್ಟೀನ್ ಕಳುಹಿಸಿದ ಕೋಶಗಳ ಮೇಲೆ ಅಲ್ಲಿ ವರ್ನರ್ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿ ಕೆಲಸ ಮಾಡುತ್ತಿದ್ದರು. ಯಾರ ರಕ್ತದಲ್ಲಿ ಈ ವೈರಾಣುವಿನ ವಿರುದ್ಧ ಪ್ರತಿಕಾಯಗಳಿವೆ ಎಂದು ನೋಡಿದಾಗ ಅಮೆರಿಕದ ಬಹುಪಾಲು ವಯಸ್ಕರಲ್ಲಿಯೂ ಇದ್ದವು. ಆಫ್ರಿಕದ ವೈರಾಣು ಲೋಕದ ವೈರಾಣು ಎಂದಾಯಿತು. ಇಲ್ಲದವರ ರಕ್ತವೂ ಪರೀಕ್ಷೆಗೆ ಬೇಕಿತ್ತು. ಪ್ರಯೋಗಾಲಯದ ತರುಣ ಸಹಾಯಕಿಯೊಬ್ಬಳದು ಅಂಥ ರಕ್ತ. 1967ರಲ್ಲಿ ಅವಳಿಗೆ ಗ್ರಂಥಿಜ್ವರ ಬಂತು. ಗುಣವಾಗಿ ಕೆಲಸಕ್ಕೆ ಮರಳಿದಾಗ ಅವಳ ರಕ್ತದಲ್ಲಿ ಆ ಪ್ರತಿಕಾಯಗಳು ತುಂಬಿದ್ದವು. ಯೇಲ್ ವಿಶ್ವವಿದ್ಯಾಲಯದಲ್ಲಿ ಕಾದಿರಿಸಿದ್ದ ವಿದ್ಯಾರ್ಥಿಗಳ ರಕ್ತಮಾದರಿಗಳೂ ಅದನ್ನೇ ಹೇಳಿದವು: ಜ್ವರಕ್ಕೆ ಮೊದಲು ಪ್ರತಿಕಾಯ ಇಲ್ಲ, ನಂತರ ಇದೆ. 1968ರಲ್ಲಿ ಸಂಬಂಧ ಖಚಿತವಾಯಿತು. ಕಂಪಾಲಾದ ಮಗುವಿನ ದವಡೆಯನ್ನು ತಿಂದದ್ದೂ ಅಮೆರಿಕದ ವಿದ್ಯಾರ್ಥಿಯನ್ನು ತಿಂಗಳುಗಟ್ಟಲೆ ಹಾಸಿಗೆ ಹಿಡಿಸಿದ್ದೂ ಒಂದೇ ವೈರಾಣು.

ಒಂದೇ ವೈರಾಣು ಇಷ್ಟು ಬಗೆಯಾಗಿ ವರ್ತಿಸುವುದೇಕೆ? ಉತ್ತರ ಬಹುಮಟ್ಟಿಗೆ ಬರ್ಕಿಟ್ ಕೇಳುತ್ತಿದ್ದ ಪ್ರಶ್ನೆಯಲ್ಲಿದೆ: ಎಲ್ಲಿ, ಯಾವ ವಯಸ್ಸಿನಲ್ಲಿ. ಈ ವೈರಾಣು ಎಂಜಲಿನ ಮೂಲಕ ಹರಡುತ್ತದೆ. ಮನೆ ತುಂಬ ಜನರಿರುವ, ಮಗುವಿಗೆ ಅಜ್ಜಿ ತುತ್ತು ಮಿದ್ದು ತಿನ್ನಿಸುವ, ಒಂದೇ ಲೋಟ ಹಲವು ಬಾಯಿ ಕಾಣುವ ಊರುಗಳಲ್ಲಿ ಅದು ಹಸುಳೆತನದಲ್ಲಿಯೇ ದೇಹ ಸೇರುತ್ತದೆ. ಸಾಮಾನ್ಯ ನೆಗಡಿ-ಜ್ವರವಾಗಿ, ಎಷ್ಟೋ ವೇಳೆ ಯಾವ ಲಕ್ಷಣವೂ ಇಲ್ಲದೆ ಮುಗಿಯುತ್ತದೆ. ಭಾರತದ ಬಹುಪಾಲು ಮಕ್ಕಳ ಕಥೆ ಇದೇ. ಸಣ್ಣ ಕುಟುಂಬ, ಬೇರೆ ಬೇರೆ ತಟ್ಟೆ-ಲೋಟಗಳ ಮನೆಯಲ್ಲಿ ಬೆಳೆದವರಿಗೆ ಸೋಂಕು ತಡವಾಗಿ, ಹದಿಹರೆಯದಲ್ಲಿ ತಗಲುತ್ತದೆ. ಆಗ ದೇಹದ ರೋಗನಿರೋಧಕ ಪಡೆ ಆರ್ಭಟಿಸಿ ಎದ್ದು ನಿಲ್ಲುವುದೇ ಗ್ರಂಥಿಜ್ವರ. ಊರುಗಳ ಬದುಕು ಬದಲಾದಂತೆ ಅಥಣಿಯಂಥ ಪಟ್ಟಣದ ಕಾಲೇಜು ಹುಡುಗ-ಹುಡುಗಿಯರಲ್ಲಿಯೂ ಅದನ್ನು ವೈದ್ಯರು ನೆನಪಿನಲ್ಲಿಡಬೇಕಾಗಿದೆ. ಆಫ್ರಿಕದ ತಗ್ಗು ನೆಲದಲ್ಲಿ ಎಳವೆಯ ಸೋಂಕಿನ ಮೇಲೆ ಬಿಡದೆ ಕಾಡುವ ಮಲೇರಿಯ ಸೇರಿಕೊಂಡು ಗಡ್ಡೆಗೆ ಹಾದಿ ಮಾಡುತ್ತದೆ. ಸೊಳ್ಳೆಯ ಬಗ್ಗೆ ಬರ್ಕಿಟ್ ಅವರ ಊಹೆ ಅರ್ಧ ನಿಜವಾಯಿತು: ಸೊಳ್ಳೆ ತರುವುದು ವೈರಾಣುವನ್ನಲ್ಲ, ಮಲೇರಿಯವನ್ನು.

ಸೋಂಕು ತಗಲಿ ನಾಲ್ಕರಿಂದ ಆರು ವಾರಕ್ಕೆ ಗ್ರಂಥಿಜ್ವರ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರು ಎರಡು-ಮೂರು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ; ಆಯಾಸ ಮಾತ್ರ ತಿಂಗಳುಗಟ್ಟಲೆ ಉಳಿಯಬಹುದು. ಅದಕ್ಕೆಂದೇ ಇರುವ ಔಷಧವಿಲ್ಲ. ವಿಶ್ರಾಂತಿ, ನೀರು, ಜ್ವರಕ್ಕೆ ಪ್ಯಾರಸಿಟಮಾಲ್ ಅಷ್ಟೆ. ಗಂಟಲು ಸೋಂಕೆಂದು ಭಾವಿಸಿ ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ಕೆಂಪು ದದ್ದು ಏಳುವುದುಂಟು. ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಷ್ಟು ಸೌಲಭ್ಯ ಸಣ್ಣ ಪ್ರಯೋಗಾಲಯದಲ್ಲಿಯೂ ಇರುತ್ತದೆ. ವಿಕಾರ ರೂಪದ ಬಿಳಿಕಣಗಳು ಕಂಡರೆ ಅನುಮಾನಕ್ಕೆ ಅಷ್ಟು ಸಾಕು.

ತೊಡಕುಗಳು ವಿರಳ, ಆದರೆ ಹಗುರವಲ್ಲ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಗುಲ್ಮ ಊದಿಕೊಳ್ಳುತ್ತದೆ. ಊದಿದ ಗುಲ್ಮಕ್ಕೆ ಪೆಟ್ಟು ಬಿದ್ದರೆ, ಕೆಲವೊಮ್ಮೆ ಪೆಟ್ಟಿಲ್ಲದೆಯೂ, ಅದು ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. ಇದು ನೂರರಲ್ಲಿ ಒಬ್ಬರಿಗೂ ಆಗದ ಮಾತು. ಆದರೆ ಆದವನಿಗೆ ಪ್ರಾಣಾಪಾಯ. ಮೊದಲ ಮೂರು-ನಾಲ್ಕು ವಾರಗಳಲ್ಲಿ ಅಪಾಯ ಹೆಚ್ಚು. ಕುಸ್ತಿಯ ಗರಡಿಗಳಿಗೆ ಹೆಸರಾದ ಈ ಗಡಿನಾಡಿನಲ್ಲಿ ಜ್ವರ ಬಿಟ್ಟ ಮರುದಿನವೇ ಪೈಲ್ವಾನರು ಕಣಕ್ಕೆ ಇಳಿಯುವುದು ಅಪರೂಪವಲ್ಲ. ಗ್ರಂಥಿಜ್ವರದಿಂದ ಎದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಕುಸ್ತಿ, ಕಬಡ್ಡಿಗೆ ಹೋಗಬಾರದು. ಎಡ ಪಕ್ಕೆಯ ಕೆಳಗೆ ಹಠಾತ್ ನೋವು, ತಲೆಸುತ್ತು ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಗಂಟಲಿನ ಟಾನ್ಸಿಲ್ ಊದಿ ಉಸಿರಿಗೆ ಅಡ್ಡಿಯಾಗುವುದು ಇನ್ನೊಂದು ತುರ್ತು. ಯಕೃತ್ತಿನ ಉರಿಯೂತ ಸಾಮಾನ್ಯ, ಕಾಮಾಲೆ ಕೆಲವರಿಗೆ ಮಾತ್ರ. ರಕ್ತಕಣಗಳು ನಾಶವಾಗುವುದು, ಮೆದುಳು ಮತ್ತು ನರಗಳಿಗೆ ತೊಂದರೆಯಾಗುವುದು ಅಪರೂಪ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ದೋಷವಿರುವ ಕೆಲವು ಗಂಡುಮಕ್ಕಳಿಗೆ ಇದೇ ಜ್ವರ ಮಾರಕವಾಗಬಲ್ಲದು.

ಒಮ್ಮೆ ಸೇರಿದ ವೈರಾಣು ಸಾಯುವವರೆಗೂ ದೇಹದಲ್ಲಿ ಮಲಗಿರುತ್ತದೆ. ಲೋಕದ ವಯಸ್ಕರಲ್ಲಿ ಶೇ 90ಕ್ಕೂ ಹೆಚ್ಚು ಜನರಲ್ಲಿ ಅದಿದೆ. ಬಹುತೇಕರಿಗೆ ಏನೂ ಆಗುವುದಿಲ್ಲ. ಗ್ರಂಥಿಜ್ವರ ಬಂದುಹೋದವರಲ್ಲಿ ಹಾಡ್ಜ್‌ಕಿನ್ ಎಂಬ ದುಗ್ಧಗ್ರಂಥಿ ಅರ್ಬುದದ ಸಂಭವ ತುಸು ಹೆಚ್ಚು. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಸಂಭವ ಈ ಸೋಂಕಿನ ನಂತರ 32 ಪಟ್ಟು ಏರುತ್ತದೆಂದು ತೋರಿಸಿತು.

ಅತ್ತ ಉಗಾಂಡದಲ್ಲಿ ಬರ್ಕಿಟ್ ಅವರಿಗೆ ವೈರಾಣುವಿಗಿಂತ ಮಕ್ಕಳ ಜೀವ ಮುಖ್ಯವಾಗಿತ್ತು. ಹಲವೆಡೆ ಏಕಕಾಲಕ್ಕೆ ಏಳುವ ಗಡ್ಡೆಗೆ ಶಸ್ತ್ರಚಿಕಿತ್ಸೆ ನಿಷ್ಪ್ರಯೋಜಕ. ಕಂಪಾಲಾದಲ್ಲಿ ವಿಕಿರಣ ಯಂತ್ರವಿರಲಿಲ್ಲ. ಉಳಿದದ್ದು ಆಗತಾನೆ ಬರುತ್ತಿದ್ದ ಔಷಧಗಳು: ಮೆಥೊಟ್ರೆಕ್ಸೇಟ್, ಸೈಕ್ಲೋಫಾಸ್ಫಮೈಡ್, ವಿನ್‌ಕ್ರಿಸ್ಟಿನ್. ಸಿಕ್ಕಷ್ಟು ಔಷಧವನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರೂ ಗಡ್ಡೆಗಳು ದಿನಗಳಲ್ಲಿ ಕರಗಿದವು. ಕೆಲವು ಮಕ್ಕಳು ಮತ್ತೆಂದೂ ಕಾಯಿಲೆ ಬೀಳಲಿಲ್ಲ. ಔಷಧದಿಂದಲೇ ಅರ್ಬುದ ಗುಣವಾಗಬಹುದೆಂದು ತೋರಿಸಿದ ಮೊದಲ ಸಾಲಿನ ಉದಾಹರಣೆಗಳಲ್ಲಿ ಇವು ಸೇರುತ್ತವೆ. ಆ ಗಡ್ಡೆಗೆ ಬರ್ಕಿಟ್ ಲಿಂಫೋಮ ಎಂಬ ಹೆಸರು ನಿಂತಿದೆ. ಭಾರತದಲ್ಲಿ ಅದು ವಿರಳ. ಕಂಡಾಗಲೂ ದವಡೆಗಿಂತ ಹೊಟ್ಟೆಯಲ್ಲಿಯೇ ಹೆಚ್ಚು.

ಉಗಾಂಡ ಸ್ವತಂತ್ರವಾದ ಮೇಲೆ ಬ್ರಿಟನ್ನಿಗೆ ಮರಳಿದ ಬರ್ಕಿಟ್ ವೈದ್ಯಕೀಯ ಸಂಶೋಧನಾ ಮಂಡಳಿಯಲ್ಲಿ ಕೆಲಸ ಮಾಡಿದರು. ಅಲ್ಲಿ ಅವರ ಮನಸ್ಸು ಇನ್ನೊಂದು ಭೇದದತ್ತ ಹೊರಳಿತು. ಆಫ್ರಿಕದ ಹಳ್ಳಿಗರಲ್ಲಿ ಮಲಬದ್ಧತೆ, ಮೂಲವ್ಯಾಧಿ, ದೊಡ್ಡ ಕರುಳಿನ ಅರ್ಬುದ ಅಪರೂಪ. ಬ್ರಿಟನ್ನಿನಲ್ಲಿ ನಿತ್ಯದ ಮಾತು. ಕಾರಣ ಊಟದ ನಾರು ಎಂದು ಅವರು ವಾದಿಸಿದರು. ನಾರಿನ ಬಗ್ಗೆ ಅವರು 1979ರಲ್ಲಿ ಬರೆದ ಪುಸ್ತಕ ಅವರನ್ನು ಮನೆಮಾತಾಗಿಸಿತು. ಅವರ ಎಲ್ಲ ತೀರ್ಮಾನಗಳೂ ಮುಂದಿನ ಪರೀಕ್ಷೆಗಳಲ್ಲಿ ಹಾಗೆಯೇ ನಿಲ್ಲಲಿಲ್ಲ. ನಾರು ಬೇಕೆಂಬ ಮುಖ್ಯ ಮಾತು ನಿಂತಿತು. ಜೋಳದ ರೊಟ್ಟಿ, ಕಾಳುಪಲ್ಲೆ ಉಣ್ಣುವ ಉತ್ತರ ಕರ್ನಾಟಕದವರಿಗೆ ಅದನ್ನು ಹೊಸದಾಗಿ ಹೇಳಬೇಕಿಲ್ಲ. 1972ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಅರ್ಬುದ ಚಿಕಿತ್ಸೆಗಾಗಿ ಅದೇ ವರ್ಷ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿಯನ್ನು ಹಂಚಿಕೊಂಡರು.

1993ರ ಮಾರ್ಚ್ 23ರಂದು ಗ್ಲಾಸ್ಟರ್‌ನಲ್ಲಿ 82ನೆಯ ವಯಸ್ಸಿನಲ್ಲಿ ಬರ್ಕಿಟ್ ನಿಧನರಾದರು. ಬಿಸ್ಲಿ ಎಂಬ ಹಳ್ಳಿಯಲ್ಲಿ ಅವರ ಸಮಾಧಿಯಿದೆ. ಅವರು ಕಳುಹಿಸಿದ ಗಡ್ಡೆಯ ತುಣುಕಿನಲ್ಲಿ ಸಿಕ್ಕ ವೈರಾಣುವಿಗೆ ಬಳಕೆಗೆ ಬಂದ ಲಸಿಕೆ ಇಂದಿಗೂ ಇಲ್ಲ, ಪ್ರಯೋಗಗಳು ನಡೆದಿವೆ.